ಕಬಿನಿ ದಡದ ರೆಸಾರ್ಟ್: ಗೆರೆ ಎಳೆದವರು ಯಾರು, ಹೊರಗುಳಿದವರು ಯಾರು?

ಊರ ಪಕ್ಕ ರೆಸಾರ್ಟ್ ಬರುತ್ತದಂತೆ ಎಂಬ ಸುದ್ದಿ ಹಬ್ಬಿದರೆ ಅರಳಿಕಟ್ಟೆಯಲ್ಲಿ ಏಳುವ ಮೊದಲ ಪ್ರಶ್ನೆ, "ನಮ್ಮ ಹುಡುಗರಿಗೆ ಕೆಲಸ ಸಿಗುತ್ತಾ?" ಎರಡನೆಯದು, "ಎಕರೆಗೆ ಎಷ್ಟು ಕೊಡ್ತಾರೆ?" ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ಇವೆರಡಕ್ಕೂ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಎಲ್ಲಿ ಕಟ್ಟಬೇಕು, ಎಷ್ಟು ಕೋಣೆ ಇರಬೇಕು, ಯಾರ ಒಪ್ಪಿಗೆ ಪಡೆಯಬೇಕು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಕೂತಿರುವವರು ಯಾರು?

ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಪಾಠವೊಂದಿದೆ. ಅದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಡೆಯ ಕಬಿನಿ ಹಿನ್ನೀರು. ಇವತ್ತು ಅಲ್ಲಿ ಒಂದು ರಾತ್ರಿ ತಂಗಲು ಹತ್ತು ಸಾವಿರ ದಾಟಿಸಿ ಕೊಡುವ ಅತಿಥಿಗಳಿದ್ದಾರೆ. "ಪರಿಸರಸ್ನೇಹಿ ಐಷಾರಾಮಿ ಪ್ರವಾಸ" ಎಂಬ ಮಾತು ನಮ್ಮಲ್ಲಿ ಮೊದಲು ಬೇರುಬಿಟ್ಟ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಗೆದ್ದದ್ದು ಯಾಕೆ ಗೆದ್ದಿತು, ಅದೇ ಕಾಡಿನಲ್ಲಿ ಇನ್ನೊಂದು ಹೋಟೆಲ್ ಯಾಕೆ ಬಾಗಿಲು ತೆರೆಯಲಾಗಲಿಲ್ಲ, ಇಷ್ಟೆಲ್ಲದರ ನಡುವೆ ಊರಿನವರು ಎಲ್ಲಿದ್ದರು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಖೆಡ್ಡಾ ನಿಂತಿತು, ನೀರು ನಿಂತಿತು

ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ತಿರುಮಕೂಡಲು ನರಸೀಪುರದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಈ ಹೊಳೆಯ ದಂಡೆಯ ಕಾಕನಕೋಟೆ ಕಾಡು ಮೈಸೂರು ಅರಸರ ಕಾಲದಲ್ಲಿ ಖೆಡ್ಡಾಕ್ಕೆ ಹೆಸರುವಾಸಿ. ಕಾಡಾನೆಗಳ ಹಿಂಡನ್ನು ಸುತ್ತುವರಿದು, ತಮಟೆ ಬಡಿದು, ಬೆಂಕಿ ತೋರಿಸಿ, ಹೊಳೆಯತ್ತ ಅಟ್ಟಿ, ಮರದ ದಿಮ್ಮಿಗಳ ಕೋಟೆಯೊಳಗೆ ಕೂಡುವ ಕೆಲಸ ಅದು. ಮೈಸೂರು ಸೀಮೆಯಲ್ಲಿ ಇದನ್ನು 1870ರ ದಶಕದಲ್ಲಿ ಶುರುಮಾಡಿದವನು ಸ್ಯಾಂಡರ್‌ಸನ್ ಎಂಬ ಇಂಗ್ಲಿಷ್ ಅಧಿಕಾರಿ. ಖೆಡ್ಡಾ ನೋಡಲು ವೈಸರಾಯ್‌ಗಳು, ಹೊರದೇಶದ ರಾಜಕುಮಾರರು ಬರುತ್ತಿದ್ದರು. ಅವರು ಇಳಿದುಕೊಳ್ಳಲೆಂದು ಕಾರಾಪುರದಲ್ಲಿ ಬಂಗಲೆಗಳು ಎದ್ದವು.

ಅಂದರೆ ದೊಡ್ಡವರು ಬಂದು ಕಾಡು ನೋಡಿ ಹೋಗುವ ಪದ್ಧತಿ ಈ ದಡಕ್ಕೆ ಹೊಸದಲ್ಲ. ಹಿಂಡು ಎಲ್ಲಿದೆ ಎಂದು ಹೆಜ್ಜೆ ನೋಡಿ ಹೇಳುತ್ತಿದ್ದವರು, ಹಿಡಿದ ಆನೆಯನ್ನು ಪಳಗಿಸುತ್ತಿದ್ದವರು ಕುರುಬರು. ವಿದ್ಯೆ ಅವರದು, ಹೆಸರು ಬೇರೆಯವರದು. ಈ ಲೆಕ್ಕಾಚಾರ ಆಗಲೇ ಶುರುವಾಗಿತ್ತು.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮಾರನೆಯ ವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಶಿಕಾರಿಯ ಕಾಲ ಮುಗಿಯಿತು. 1974ರಲ್ಲಿ ಬೀಚನಹಳ್ಳಿ ಬಳಿ ಕಬಿನಿ ಅಣೆಕಟ್ಟು ಮುಗಿಯಿತು. ಖೆಡ್ಡಾ ನಡೆಯುತ್ತಿದ್ದ ಜಾಗ, ಹಳೆಯ ಕಾಡು, ಹಲವು ಹಳ್ಳಿಗಳು ನೀರಿನಡಿ ಹೋದವು. ಜನ ಮನೆ ಜಮೀನು ಬಿಟ್ಟು ಎದ್ದರು.

ಆಮೇಲೆ ಯಾರೂ ಯೋಜಿಸದ ಒಂದು ಸಂಗತಿ ನಡೆಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ. ಇಳಿದ ಕಡೆಯೆಲ್ಲ ಹಸಿ ಮಣ್ಣಿನ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿರುವ ಹೊತ್ತಿನಲ್ಲಿ ನೀರೂ ಮೇವೂ ಒಂದೇ ಕಡೆ. ನಾಗರಹೊಳೆ, ಬಂಡೀಪುರ, ವಯನಾಡಿನ ಕಾಡುಗಳಿಂದ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರತೊಡಗಿದವು. ಏಷ್ಯಾದ ಆನೆಗಳು ಇಷ್ಟು ಸಂಖ್ಯೆಯಲ್ಲಿ ಒಟ್ಟಿಗೆ ಸೇರುವ ಜಾಗಗಳು ಲೋಕದಲ್ಲಿ ಕಡಿಮೆ. ಇವತ್ತು ದುಬಾರಿ ಕೊಟ್ಟು ದೋಣಿಯಲ್ಲಿ ಕೂತು ನೋಡುವುದು ಈ ನೋಟವನ್ನೇ. ಆ ಹುಲ್ಲು ಬೆಳೆಯುವ ನೆಲದಲ್ಲಿ ಒಂದು ಕಾಲಕ್ಕೆ ಊರುಗಳೂ ಇದ್ದವು ಎಂಬುದನ್ನು ಮರೆಯಬಾರದು.

ನೇಪಾಳದಿಂದ ಬಂದ ಮಾದರಿ

1965ರಲ್ಲಿ ನೇಪಾಳದ ಚಿತ್ವನ್ ಕಾಡಿನಲ್ಲಿ ಟೈಗರ್ ಟಾಪ್ಸ್ ಎಂಬ ಲಾಡ್ಜ್ ಶುರುವಾಗಿತ್ತು. ಎಪ್ಪತ್ತರ ದಶಕದಲ್ಲಿ ಜಿಮ್ ಎಡ್ವರ್ಡ್ಸ್ ಎಂಬವರ ಕೈಗೆ ಬಂದ ಮೇಲೆ ಅದು ಪ್ರಪಂಚದ ಶ್ರೀಮಂತರ ನಡುವೆ ಹೆಸರು ಮಾಡಿತು. ಲೆಕ್ಕ ಸರಳ. ಕೋಣೆ ಕಡಿಮೆ, ದರ ಜಾಸ್ತಿ. ಎತ್ತರದ ಕಾಂಕ್ರೀಟ್ ಕಟ್ಟಡ ಬೇಡ. ಟಿವಿಗಿಂತ ಕಾಡೇ ಮನರಂಜನೆ. ಅತಿಥಿಯ ಜತೆ ಪ್ರಾಣಿ, ಪಕ್ಷಿ, ಮರದ ವಿಷಯ ಬಲ್ಲ ಒಬ್ಬ ಮಾರ್ಗದರ್ಶಿ. ನೂರು ಜನ ಕೊಡುವ ದುಡ್ಡನ್ನು ಹತ್ತು ಜನರಿಂದಲೇ ಪಡೆದರೆ ತೊಂಬತ್ತು ಜನರ ಗಲಾಟೆ, ಕಸ, ವಾಹನ ಕಾಡಿಗೆ ತಪ್ಪುತ್ತದೆ ಎಂಬುದು ಈ ವ್ಯಾಪಾರದ ತಿರುಳು.

1980ರಲ್ಲಿ ಕರ್ನಾಟಕ ಸರ್ಕಾರ ಈ ಸಂಸ್ಥೆಯ ಜತೆ ಸೇರಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಎಂಬ ಕಂಪನಿ ಕಟ್ಟಿತು. ಕೊಡಗಿನ ಕುಶಾಲನಗರದ ಕಡೆಯವರಾದ ಆರ್. ಗುಂಡೂರಾವ್ ಮುಖ್ಯಮಂತ್ರಿಯಾದ ವರ್ಷವೂ ಅದೇ. ಸರ್ಕಾರವೊಂದು ಖಾಸಗಿಯವರ ಜತೆ ಪಾಲುದಾರನಾಗಿ ಕಾಡಿನ ಅಂಚಿನಲ್ಲಿ ದುಬಾರಿ ಲಾಡ್ಜ್ ನಡೆಸುವುದು ಆಗ ನಮ್ಮಲ್ಲಿ ಹೊಸ ಸಾಹಸ. ಮೊದಲ ಲಾಡ್ಜ್‌ಗೆ ಆರಿಸಿದ ಜಾಗ ಕಾರಾಪುರ. ಅರಸರ ಕಾಲದ ಅದೇ ಹಳೆಯ ಬಂಗಲೆಗಳನ್ನು ದುರಸ್ತಿ ಮಾಡಿ, ಪಕ್ಕದಲ್ಲಿ ಸಣ್ಣ ಕಾಟೇಜುಗಳನ್ನು ಕಟ್ಟಿ ಕಬಿನಿ ರಿವರ್ ಲಾಡ್ಜ್ ಮಾಡಿದರು.

ಶಿಕಾರಿ ಬಿಟ್ಟ ಕರ್ನಲ್

ಈ ಲಾಡ್ಜನ್ನು ಬೆಳೆಸಿದವರು ಕರ್ನಲ್ ಜಾನ್ ವೇಕ್‌ಫೀಲ್ಡ್. 1916ರಲ್ಲಿ ಬಿಹಾರದ ಗಯಾದಲ್ಲಿ ಹುಟ್ಟಿದ ಬ್ರಿಟಿಷ್ ಮೂಲದವರು. ಎಳೆಯ ವಯಸ್ಸಿನಲ್ಲೇ ಕೋವಿ ಹಿಡಿದು ಶಿಕಾರಿ ಮಾಡಿದವರು, ಸೇನೆಯಲ್ಲಿದ್ದವರು. ಮುಂದೆ ಶಿಕಾರಿ ಬಿಟ್ಟು ಪ್ರಾಣಿಗಳನ್ನು ಉಳಿಸುವ ಕಡೆ ತಿರುಗಿದರು. ಕಬಿನಿಗೆ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಅಲ್ಲಿಂದ ಮುಂದೆ ಲಾಡ್ಜೇ ಅವರ ಮನೆ. ಕೆಲಸಗಾರರಿಗೂ ಅತಿಥಿಗಳಿಗೂ ಅವರು "ಪಾಪಾ". 2010ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು.

ಅವರ ಕಾಲದಲ್ಲಿ ಬೇರೂರಿದ ಕೆಲವು ಪದ್ಧತಿಗಳು ಈಗಲೂ ನಡೆಯುತ್ತಿವೆ. ಬೆಳಿಗ್ಗೆ ಮತ್ತು ಸಂಜೆ ಮಾತ್ರ ಸಫಾರಿ. ಜತೆಯಲ್ಲಿ ತರಬೇತಿ ಪಡೆದ ಮಾರ್ಗದರ್ಶಿ. ಜೀಪು ಓಡಿಸಲು, ದೋಣಿ ನಡೆಸಲು, ಅಡುಗೆಗೆ, ತೋಟಕ್ಕೆ ಸುತ್ತಲ ಊರಿನವರು. ಯಜಮಾನನಾದವನು ನಗರದ ಕಚೇರಿಯಲ್ಲಿ ಕೂತು ವರದಿ ತರಿಸಿಕೊಳ್ಳುವುದು ಬೇರೆ, ಲಾಡ್ಜಿನಲ್ಲೇ ಉಳಿದು ಕಸ ಎಲ್ಲಿ ಬಿತ್ತು, ಯಾವ ಜೀಪು ಆನೆಯ ತೀರಾ ಹತ್ತಿರ ಹೋಯಿತು ಎಂದು ತಾನೇ ನೋಡುವುದು ಬೇರೆ. ಕಬಿನಿಗೆ ಸಿಕ್ಕಿದ್ದು ಎರಡನೆಯದು.

1987ರಲ್ಲಿ ಟೈಗರ್ ಟಾಪ್ಸ್ ಪಾಲನ್ನು ಸರ್ಕಾರವೇ ವಹಿಸಿಕೊಂಡಿತು. ಕಂಪನಿ ಪೂರ್ತಿ ರಾಜ್ಯದ್ದಾಯಿತು. ಆಮೇಲೆ ಹೆಚ್ಚಾಗಿ ಅರಣ್ಯ ಸೇವೆಯ ಅಧಿಕಾರಿಗಳೇ ವ್ಯವಸ್ಥಾಪಕ ನಿರ್ದೇಶಕರಾಗಿ ಬಂದರು. ದುಬಾರೆ, ಭೀಮೇಶ್ವರಿ, ದಾಂಡೇಲಿ, ಕಾರವಾರದ ದೇವಬಾಗ, ಭದ್ರಾ ಹಿನ್ನೀರಿನ ಲಕ್ಕವಳ್ಳಿ, ಹೀಗೆ ನಿಗಮದ ಶಿಬಿರಗಳು ಬೆಳೆದವು. ಲಾಭವೂ ಬೇಕು, ಕಾಡೂ ಉಳಿಯಬೇಕು. ಒಂದೇ ಮೇಜಿನ ಮೇಲೆ ಈ ಎರಡು ಕಡತಗಳನ್ನು ಇಟ್ಟುಕೊಂಡು ಕೂರುವ ಕುರ್ಚಿ ಅದು.

ಕಾರಾಪುರದ ಲಾಡ್ಜ್ ಉಳಿದದ್ದಕ್ಕೆ ಮುಖ್ಯ ಕಾರಣ ಅದರ ಜಾಗ. ಅದು ರಾಷ್ಟ್ರೀಯ ಉದ್ಯಾನದ ಗಡಿಯ ಹೊರಗೆ, ಅಂಚಿನಲ್ಲಿದೆ. ಅತಿಥಿ ಹಗಲು ಕಾಡಿಗೆ ಹೋಗಿ ರಾತ್ರಿ ಹೊರಗೆ ಬಂದು ಮಲಗುತ್ತಾನೆ. ಈ ಒಂದು ಗೆರೆಯ ಬೆಲೆ ಏನೆಂದು ಮುಂದೆ ಗೊತ್ತಾಯಿತು. ನಿಗಮವೂ ಎಲ್ಲ ಕಡೆ ಈ ಗೆರೆಯ ಆಚೆಯೇ ನಿಂತಿಲ್ಲ. ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ ಶಿಬಿರ ಕಾಡಿನ ಒಳಗೇ ಇದೆ.

ಮೂರ್ಕಲ್‌ನಲ್ಲಿ ಏನಾಯಿತು

1990ರ ದಶಕದ ನಡುವಿನ ಮಾತು. ನಾಗರಹೊಳೆ ಉದ್ಯಾನದ ಒಳಗೆ, ಮೂರ್ಕಲ್ ಎಂಬಲ್ಲಿ, ಸರ್ಕಾರ ಜಾಗ ಮತ್ತು ಕಟ್ಟಡಗಳನ್ನು ತಾಜ್ ಹೋಟೆಲ್ ಬಳಗದ ಗೇಟ್‌ವೇ ಸಂಸ್ಥೆಗೆ ಗುತ್ತಿಗೆ ಕೊಟ್ಟಿತು. ಅಲ್ಲಿ ಐಷಾರಾಮಿ ಲಾಡ್ಜ್ ಮಾಡುವುದು ಯೋಜನೆ. ಇದೂ ಪರಿಸರ ಪ್ರವಾಸವೇ ಎಂಬುದು ಅವರ ಮಾತು.

ಆದರೆ ಅದೇ ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದ ಜೇನುಕುರುಬರು, ಯರವರು ಮತ್ತಿತರ ಆದಿವಾಸಿಗಳಿಗೆ ಕಾನೂನು ಬೇರೆಯೇ ಮಾತು ಹೇಳುತ್ತಿತ್ತು. ಇದು ವನ್ಯಜೀವಿಗಳ ಜಾಗ, ಇಲ್ಲಿ ಬೇಸಾಯ ಕೂಡದು, ಮನೆ ಕಟ್ಟಕೂಡದು, ಹೊರಗೆ ಹೋಗಿ ಎಂದು. ಎಷ್ಟೋ ಹಾಡಿಗಳವರು ಎಬ್ಬಿಸಲ್ಪಟ್ಟು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಕೂಲಿಗಳಾಗಿದ್ದರು. ಮುಂದೆ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳೂ ಆದವು. ಹೀಗಿರುವಾಗ ಜೇನು ಬಿಡಿಸುವವನಿಗೆ ಇಲ್ಲದ ಜಾಗ ಹೋಟೆಲಿನವರಿಗೆ ಹೇಗೆ ಸಿಕ್ಕಿತು? ಈ ಪ್ರಶ್ನೆಗೆ ಉತ್ತರ ಕೊಡಲು ಯಾರಿಗೂ ಆಗಲಿಲ್ಲ.

1996ರಲ್ಲಿ ಹೋರಾಟಕ್ಕೆ ಕಾವೇರಿತು. ಆದಿವಾಸಿಗಳು ಮೆರವಣಿಗೆ ಮಾಡಿದರು, ಧರಣಿ ಕೂತರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. 1997ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ, ಖಾಸಗಿಯವರಿಗೆ ಕೊಡುವ ಮುಂಚೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಆ ಒಪ್ಪಿಗೆ ಇರಲಿಲ್ಲ. ಗುತ್ತಿಗೆ ಕಾನೂನಿಗೆ ವಿರುದ್ಧ, ಜಾಗ ಸರ್ಕಾರಕ್ಕೆ ಮರಳಬೇಕು ಎಂದಿತು ನ್ಯಾಯಾಲಯ. ಲಾಡ್ಜ್ ಬಾಗಿಲು ತೆರೆಯಲೇ ಇಲ್ಲ.

ಇಲ್ಲಿ ಎಡವಿದ್ದು ಗಾರೆ ಕೆಲಸದವರಲ್ಲ, ಅಡುಗೆಯವರಲ್ಲ. ಎಡವಿದ್ದು ಮೇಲಿನ ಕುರ್ಚಿ. ದೇಶದ ದೊಡ್ಡ ಹೋಟೆಲ್ ಬಳಗ, ಒಂದು ರಾಜ್ಯ ಸರ್ಕಾರ, ಎರಡೂ ಕಡೆ ಓದಿದ ಅಧಿಕಾರಿಗಳು, ವಕೀಲರು ಇದ್ದರು. ಹಾಗಿದ್ದೂ ಎರಡು ಪ್ರಶ್ನೆಗಳು ಇಟ್ಟಿಗೆ ಇಡುವ ಮೊದಲು ಬಗೆಹರಿಯಲಿಲ್ಲ. ಕಾನೂನಿನ ಒಪ್ಪಿಗೆ ಇದೆಯೇ? ಇಲ್ಲಿ ಬಾಳಿದ ಜನ ಏನು ಹೇಳುತ್ತಾರೆ?

ಆ ತೀರ್ಪಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೋಟೆಲ್ ನಿಂತದ್ದು ಕೇಂದ್ರದ ಒಪ್ಪಿಗೆ ಇಲ್ಲ ಎಂಬ ಕಾರಣಕ್ಕೆ. ಆದಿವಾಸಿಗಳ ಒಪ್ಪಿಗೆ ಬೇಕು ಎನ್ನುವ ಗಟ್ಟಿ ಕಾನೂನು ಆಗಿನ್ನೂ ಇರಲಿಲ್ಲ. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಅದರಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಮೊದಲಿಗರು ಅವರು.

2012: ಗೆರೆಯ ಬೆಲೆ ಗೊತ್ತಾದ ವರ್ಷ

2012ರ ಜುಲೈ 24ರಂದು ಸುಪ್ರೀಂ ಕೋರ್ಟ್ ಹುಲಿ ಸಂರಕ್ಷಿತ ಪ್ರದೇಶಗಳ ನಡುಗಾಡಿನಲ್ಲಿ ಪ್ರವಾಸೋದ್ಯಮಕ್ಕೆ ತಾತ್ಕಾಲಿಕ ತಡೆ ಹಾಕಿತು. ದೇಶದ ಉದ್ದಗಲಕ್ಕೂ ಸಫಾರಿ ನಂಬಿದವರು ಕಂಗಾಲಾದರು. ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದ ಮೇಲೆ ತಡೆ ತೆರವಾಯಿತು. ನಡುಗಾಡಿನ ಶೇಕಡಾ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸುವಂತಿಲ್ಲ, ಅಲ್ಲಿ ಹೊಸ ಕಟ್ಟಡ ಕೂಡದು ಎಂಬುದು ಅದರ ಮುಖ್ಯ ಮಾತು.

ಅದೇ ವರ್ಷ ನೇಪಾಳ ಸರ್ಕಾರವೂ ಚಿತ್ವನ್ ಉದ್ಯಾನದೊಳಗಿನ ಲಾಡ್ಜ್‌ಗಳ ಪರವಾನಗಿ ಮುಂದುವರಿಸಲಿಲ್ಲ. ಕಬಿನಿಗೆ ಮಾದರಿಯಾಗಿದ್ದ ಟೈಗರ್ ಟಾಪ್ಸ್ ಕಾಡಿನೊಳಗಿನ ತನ್ನ ಮೂಲ ಲಾಡ್ಜನ್ನು ಮುಚ್ಚಿತು.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಿತ್ವನ್‌ನಲ್ಲಿ ಕಾಡಿನೊಳಗೆ ಕಟ್ಟಿದ್ದು ಸುಮಾರು ನಲವತ್ತೇಳು ವರ್ಷ ನಡೆದು ಮುಚ್ಚಿತು. ಮೂರ್ಕಲ್‌ನಲ್ಲಿ ಕಾಡಿನೊಳಗೆ ಹೊರಟದ್ದು ತೆರೆಯುವ ಮುಂಚೆಯೇ ನಿಂತಿತು. ಕಾರಾಪುರದಲ್ಲಿ ಅಂಚಿನಲ್ಲಿ ನಿಂತದ್ದು ಇವತ್ತಿಗೂ ನಡೆಯುತ್ತಿದೆ. ಹಾಸಿಗೆ, ಊಟ, ಸೇವೆ ಎಲ್ಲ ಆಮೇಲಿನ ಮಾತು. ಮೊದಲ ದಿನ ನಕ್ಷೆಯ ಮೇಲೆ ಪೆನ್ನು ಇಟ್ಟವರು ಎಲ್ಲಿ ಇಟ್ಟರು ಎಂಬುದೇ ಹಣೆಬರಹ ಬರೆಯಿತು.

ಹಾಡಿಯ ಹೆಸರಿನ ರೆಸಾರ್ಟ್

ಕಾರಾಪುರದ ಗೆಲುವು ನೋಡಿ ಖಾಸಗಿಯವರು ಬಂದರು. ಹಿನ್ನೀರಿನ ದಡದಲ್ಲಿ ಒಂದಾದ ಮೇಲೊಂದು ರೆಸಾರ್ಟ್ ಎದ್ದವು. ಕೊಡಗಿನ ಸಿದ್ದಾಪುರದಲ್ಲಿ ಕಾಫಿ ತೋಟದ ನಡುವೆ ಆರೆಂಜ್ ಕೌಂಟಿ ನಡೆಸುತ್ತಿದ್ದವರು ಕಬಿನಿಯಲ್ಲೂ ಒಂದು ಮಾಡಿದರು. ಈಗ ಅವರ ಹೆಸರು ಇವಾಲ್ವ್ ಬ್ಯಾಕ್. ಕುರುಬರ ಹಾಡಿಯ ಗುಡಿಸಲುಗಳನ್ನು ನೋಡಿ ವಿನ್ಯಾಸ ಮಾಡಿದ ಹುಲ್ಲು ಮಾಡಿನ ಐಷಾರಾಮಿ ಮನೆಗಳು, ಲಾಡ್ಜಿನ ಹೆಸರಿನಲ್ಲೂ "ಕುರುಬ" ಎಂಬ ಪದ.

ಸ್ಥಳೀಯ ಬದುಕಿನ ರೂಪ ತಗೊಂಡು ಕಟ್ಟುವುದು ಗಾಜಿನ ಪೆಟ್ಟಿಗೆ ಕಟ್ಟುವುದಕ್ಕಿಂತ ಎಷ್ಟೋ ಮೇಲು. ನೋಡಲು ಚೆಂದ, ದಡಕ್ಕೂ ಒಪ್ಪುತ್ತದೆ. ಆದರೆ ನಮ್ಮ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಒಂದು ಕಡೆ ಹಾಡಿಯ ಹೋಲಿಕೆಯ ಮನೆಗೆ ರಾತ್ರಿಗೆ ಸಾವಿರಾರು ರೂಪಾಯಿ. ಇನ್ನೊಂದು ಕಡೆ ನಿಜವಾದ ಹಾಡಿಯ ಜನ ಮನೆ ಹಕ್ಕಿಗಾಗಿ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವುದು. ಇದು ಒಂದು ಕಂಪನಿಯ ತಪ್ಪು ಎಂದು ಹೇಳಿ ಕೈ ತೊಳೆದುಕೊಳ್ಳುವ ವಿಷಯವಲ್ಲ. ಈ ಇಡೀ ಉದ್ಯಮ ಯಾರ ವಿದ್ಯೆ, ಯಾರ ನೆಲ, ಯಾರ ಹೆಸರಿನ ಮೇಲೆ ನಿಂತಿದೆ ಎಂಬ ಪ್ರಶ್ನೆ. ಖೆಡ್ಡಾ ಕಾಲದ ಲೆಕ್ಕಾಚಾರ ಇನ್ನೂ ಚುಕ್ತಾ ಆಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಬಿನಿಯ ವ್ಯವಸ್ಥೆ ಮೆಚ್ಚಬೇಕು. ಖಾಸಗಿ ರೆಸಾರ್ಟ್‌ಗಳು ತಮ್ಮ ತಮ್ಮ ಜೀಪು ತಗೊಂಡು ಕಾಡಿಗೆ ನುಗ್ಗುವಂತಿಲ್ಲ. ಅವರ ಅತಿಥಿಗಳನ್ನೂ ಜಂಗಲ್ ಲಾಡ್ಜಸ್ ವಾಹನ, ದೋಣಿಗಳೇ ಕರೆದೊಯ್ಯಬೇಕು. ಅರಣ್ಯ ಇಲಾಖೆಯ ಸಫಾರಿ ದಮ್ಮನಕಟ್ಟೆಯಿಂದ ಹೊರಡುತ್ತದೆ. ಎಷ್ಟು ವಾಹನ, ಯಾವ ಹೊತ್ತು, ಯಾವ ದಾರಿ ಎಂಬುದಕ್ಕೆ ಒಂದು ಮಿತಿ ಉಂಟು. ಕೀಲಿ ಒಂದೇ ಕೈಯಲ್ಲಿದ್ದರೆ ಬಾಗಿಲು ಹಾಕುವುದು ಸುಲಭ.

ಬಾಗಿಲು ಹಾಕಿದ ದಿನ

ಬಾಗಿಲು ಹಾಕುವ ದಿನವೂ ಬಂತು. 2025ರ ಕೊನೆಯ ತಿಂಗಳುಗಳಲ್ಲಿ ಸರಗೂರು, ಹೆಗ್ಗಡದೇವನಕೋಟೆ ಕಡೆ ಹೊಲಕ್ಕೆ, ದನ ಮೇಯಿಸಲು ಹೋದವರ ಮೇಲೆ ಹುಲಿ ಎರಗಿ ಸಾವುಗಳಾದವು. ಜನ ರೊಚ್ಚಿಗೆದ್ದರು. ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹಿಡಿಯುವ, ಕಾಯುವ ಕೆಲಸಕ್ಕೆ ಹಾಕಲು ಆದೇಶಿಸಿದರು.

ಸಫಾರಿಯಿಂದಲೇ ಹುಲಿ ಹೊರಗೆ ಬರುತ್ತದೆಯೇ ಎಂಬುದರ ಬಗ್ಗೆ ವಾದ ಇದೆ. ನಾವು ಇಲ್ಲಿ ಅದನ್ನು ತೀರ್ಮಾನಿಸುವುದಿಲ್ಲ. ನಮಗೆ ಮುಖ್ಯವಾಗಿ ಕಂಡದ್ದು ಬೇರೆ. ಕಾಡಂಚಿನ ರೈತ ಕೇಳಿದ್ದು ಒಂದೇ ಮಾತು: "ನೋಡಲು ಬಂದವರಿಗೆ ಜೀಪು, ಡ್ರೈವರು, ಗಾರ್ಡು ಎಲ್ಲ ಇದೆ. ನಮ್ಮನ್ನು ಕಾಯಲು ಯಾರಿದ್ದಾರೆ?" ಇನ್ನೊಂದು ಕಡೆ, ಸಫಾರಿ ನಿಂತರೆ ಮೊದಲು ಕೈ ಖಾಲಿಯಾಗುವುದೂ ಅದೇ ಊರುಗಳ ಡ್ರೈವರು, ದೋಣಿಯವರು, ರೂಮು ಗುಡಿಸುವ ಹೆಂಗಸರದ್ದೇ. ಬೆಂಗಳೂರಿನ ಅತಿಥಿ ಬೇರೆ ಊರಿಗೆ ಬುಕ್ ಮಾಡಿಕೊಳ್ಳುತ್ತಾನೆ. ಏಟು ಬೀಳುವುದು ಎರಡೂ ಕಡೆಯಿಂದ ಊರಿಗೇ. ಆದರೂ ತೆರೆಯುವ ಮಾತು, ಮುಚ್ಚುವ ಮಾತು ಎರಡೂ ಆಡುವ ಮೇಜಿನಲ್ಲಿ ಊರಿನವರ ಕುರ್ಚಿ ಕಾಣುವುದಿಲ್ಲ.

ಕೊನೆಗೆ ಉಳಿಯುವ ಮಾತು

ಕಬಿನಿಯ ಈ ಐವತ್ತು ವರ್ಷದ ಕತೆಯಲ್ಲಿ ಒಳ್ಳೆಯ ನಾಯಕತ್ವ ಇರಲಿಲ್ಲ ಎನ್ನಲಾಗದು. ಕೋಣೆ ಕಡಿಮೆ ಇಟ್ಟದ್ದು, ಕಾಡಂಚಿನಲ್ಲೇ ನಿಂತದ್ದು, ವಾಹನಕ್ಕೆ ಮಿತಿ ಹಾಕಿದ್ದು, ಊರವರಿಗೆ ಕೆಲಸ ಕೊಟ್ಟದ್ದು, ಇವೆಲ್ಲ ಮೇಲಿದ್ದವರ ಒಳ್ಳೆಯ ತೀರ್ಮಾನಗಳು. ಆದರೆ ಒಳ್ಳೆಯ ಯಜಮಾನ ಸಿಕ್ಕರೆ ಊರಿಗೆ ಒಳ್ಳೆಯದು, ಸಿಗದಿದ್ದರೆ ಹೋರಾಟ ಅಥವಾ ಕೋರ್ಟು ಎಂಬ ಸ್ಥಿತಿ ಬದಲಾಗಿಲ್ಲ. ವೇಕ್‌ಫೀಲ್ಡ್ ಅಂಥವರು ಊರಿಗೊಬ್ಬರು ಬರುವುದಿಲ್ಲ. ಆದ್ದರಿಂದ ಯಜಮಾನನ ಗುಣ ನಂಬಿ ಕೂರುವ ಬದಲು ಮೊದಲೇ ಕೇಳುವುದು ವಾಸಿ.

ಕಟ್ಟಡಕ್ಕೆ ಪರವಾನಗಿ ಕೊಡುವಾಗ, ತೆರಿಗೆ ಹಾಕುವಾಗ ಗ್ರಾಮ ಪಂಚಾಯಿತಿಗೆ ಪಾತ್ರವಿದೆ. ಗ್ರಾಮಸಭೆಯಲ್ಲಿ ಎದ್ದು ಕೇಳಲು ಮತದಾರನಾಗಿದ್ದರೆ ಸಾಕು. ನಿಮ್ಮೂರಿಗೆ ರೆಸಾರ್ಟ್ ಬರುವುದಾದರೆ ಈ ಐದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ:

1. ಜಾಗದ ಸರ್ವೆ ನಂಬರ್ ಯಾವುದು? ಅರಣ್ಯ, ಗೋಮಾಳ, ಕೆರೆ ಅಂಗಳ ಏನಾದರೂ ಸೇರಿದೆಯೇ?
2. ಎಷ್ಟು ಕೋಣೆ? ಎಷ್ಟು ಕೊಳವೆಬಾವಿ? ಬೇಸಿಗೆಯಲ್ಲಿ ನೀರು ಎಲ್ಲಿಂದ?
3. ಕೊಳಚೆ ನೀರು, ಕಸ ಎಲ್ಲಿಗೆ ಹೋಗುತ್ತದೆ?
4. ಎಷ್ಟು ಜನ ಊರವರಿಗೆ ಕಾಯಂ ಕೆಲಸ? ಗೇಟು ಕಾಯುವುದು, ಗುಡಿಸುವುದು ಬಿಟ್ಟು ಮೇಲಿನ ಹುದ್ದೆಗೆ ತರಬೇತಿ ಇದೆಯೇ?
5. ದೂರು ಬಂದರೆ ಕೇಳುವವರು ಯಾರು? ಊರಲ್ಲಿ ಸಿಗುತ್ತಾರಾ, ಫೋನಿನಲ್ಲಿ ಮಾತ್ರವಾ?

ಮೂರ್ಕಲ್‌ನಲ್ಲಿ ಇಂಥ ಪ್ರಶ್ನೆಗಳನ್ನು ಕಟ್ಟಡ ಶುರುವಾದ ಮೇಲೆ ಬೀದಿಯಲ್ಲಿ, ನ್ಯಾಯಾಲಯದಲ್ಲಿ ಕೇಳಬೇಕಾಯಿತು. ನಕ್ಷೆ ಇನ್ನೂ ಮೇಜಿನ ಮೇಲೆ ಇರುವಾಗಲೇ ಕೇಳಿದರೆ ಊರಿಗೂ ಉಳಿತಾಯ, ಕಟ್ಟುವವರಿಗೂ ಉಳಿತಾಯ.